ಹನ್ನೆರಡು ಜಾತಿಯ ನೆರಳು

ಹನುಮಂತಯ್ಯನವರಿಗೆ ಬೆಂಗಳೂರಿನ ಮರಗಳ ಪರಿಚಯವಾದದ್ದು ಅವುಗಳ ಮೇಲೆ ಬಂದ ದೂರುಗಳಿಂದ. ಮೂವತ್ತೊಂದು ವರ್ಷ ಅವರು ಗುಮಾಸ್ತರಾಗಿದ್ದ ಕಚೇರಿಗೆ ಜನ ಬರುತ್ತಿದ್ದದ್ದು ಒಂದೇ ಕೆಲಸಕ್ಕೆ: ಮನೆ ಮುಂದಿನ ಮರ ಕಡಿಯಲು ಅನುಮತಿ ಬೇಕು. ಅರ್ಜಿ ಬಂದರೆ ಹನುಮಂತಯ್ಯ ಟೇಪು ಹಿಡಿದು ಹೋಗಬೇಕು, ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ ತೆಗೆಯಬೇಕು, ಜಾತಿ ಬರೆಯಬೇಕು, ಕಾರಣ ಬರೆಯಬೇಕು. ನೇರಳೆಯಾದರೆ ಹಣ್ಣು ಬಿದ್ದು ಕಾರಿಗೆ ಕಲೆ. ಹೊಂಗೆಯಾದರೆ ಎಲೆ ಉದುರಿ ಚರಂಡಿ ಕಟ್ಟಿಕೊಳ್ಳುತ್ತದೆ. ಬಸರಿಯಾದರೆ ಬೇರು ಕಾಂಪೌಂಡಿಗೆ ನುಗ್ಗಿದೆ. ಅತ್ತಿಯಾದರೆ ಹಕ್ಕಿ, ಬಾವಲಿ, ಗಲೀಜು. ಯಾವ ಕಾರಣವೂ ಸಾಲದೆ ಹೋದಾಗ 'ಅಪಾಯಕಾರಿ' ಎಂಬ ಒಂದು ಪದವಿತ್ತು. ಆ ಪದ ಬಿದ್ದ ಮೇಲೆ ನಿಂತಿರುವ ಮರವನ್ನು ಅವರು ಕಂಡಿರಲಿಲ್ಲ.

ಹಾಗಂತ ಅವರೇನೂ ಕೆಟ್ಟ ಮನುಷ್ಯರಲ್ಲ. ಒಬ್ಬರ ಮನೆಯ ಕಾಫಿ ಕೂಡ ಕುಡಿದವರಲ್ಲ. ಮರದ ಹೆಸರನ್ನು ತಪ್ಪಾಗಿ ಬರೆದವರಲ್ಲ. ತೊಗಟೆ ಮುಟ್ಟಿ ನೋಡಿದರೆ ಸಾಕು, ಕಣ್ಣು ಮುಚ್ಚಿಕೊಂಡು ಜಾತಿ ಹೇಳುತ್ತಿದ್ದರು. ಆದರೆ ಮರ ಉರುಳುವುದನ್ನು ನೋಡಲು ಒಂದು ದಿನವೂ ನಿಂತವರಲ್ಲ. ಅದು ಅವರ ಕೆಲಸಕ್ಕೆ ಸೇರಿದ್ದಾಗಿರಲಿಲ್ಲ.

ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಹೇರೋಹಳ್ಳಿಯ ಮನೆಯಲ್ಲಿ ಕೂತು ಕೂತು ಬೇಜಾರಾಗಿ, ಹೆಂಡತಿ ಚಿಕ್ಕಗಂಗಮ್ಮ ಹೇಳಿದ ಸಣ್ಣಪುಟ್ಟ ಕೆಲಸಕ್ಕೂ ಅಂಗಿ ಇನ್‌ಶರ್ಟ್ ಮಾಡಿಕೊಂಡು ಹೊರಡುತ್ತಿದ್ದರು. ಒಂದು ದಿನ ಆಕೆ ಹಿಟ್ಟು ರುಬ್ಬುವ ಗ್ರೈಂಡರಿನ ಕಲ್ಲು ಅಲುಗಾಡುತ್ತಿದೆ, ರಿಪೇರಿ ಮಾಡಿಸಿಕೊಂಡು ಬನ್ನಿ ಎಂದು ಕಳಿಸಿದರು. ಹನುಮಂತಯ್ಯ ಆಟೋದಲ್ಲಿ ಗ್ರೈಂಡರನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನು ತಯಾರಿಸಿದ ರಾಜಾಜಿನಗರ ಕೈಗಾರಿಕಾ ಪ್ರದೇಶದ ಶೆಡ್ಡಿಗೇ ಹೋದರು.

ಶೆಡ್ಡಿನ ಮಾಲೀಕರು ಕಲ್ಮೇಶ್. ರಾಣೆಬೆನ್ನೂರಿನ ಕಡೆಯವರು, ಮೂವತ್ತೈದು ವರ್ಷದಿಂದ ಗ್ರೈಂಡರ್ ಮಾಡಿಯೇ ಬಸವೇಶ್ವರನಗರದಲ್ಲಿ ಮನೆ ಕಟ್ಟಿಸಿದವರು. ಒಳಗೆ ಕಾಲಿಟ್ಟ ಹನುಮಂತಯ್ಯನವರಿಗೆ ಎಣ್ಣೆ, ಕಬ್ಬಿಣದ ವಾಸನೆಯ ಬದಲು ಯಾವುದೋ ಕಮ್ಮನೆಯ ಹುರಿದ ವಾಸನೆ ಬಂತು. ಮೂಲೆಯಲ್ಲಿ ನಾಲ್ಕು ದೊಡ್ಡ ಗ್ರೈಂಡರುಗಳು ತಿರುಗುತ್ತಿದ್ದವು. ಒಳಗಿದ್ದದ್ದು ಬಿಳಿ ಹಿಟ್ಟಲ್ಲ, ಕಪ್ಪಗೆ ಮಿರುಗುವ ಪಾಕ.

"ಚಾಕೊಲೇಟ್ ರೀ ಅದು," ಎಂದರು ಕಲ್ಮೇಶ್, ಅರ್ಧ ಹೆಮ್ಮೆ ಅರ್ಧ ಅಪನಂಬಿಕೆಯಲ್ಲಿ. "ನನ್ನ ಮಗಳ ಉಸಾಬರಿ. ಇಡ್ಲಿ ಹಿಟ್ಟಾದ್ರ ಅರ್ಧ ತಾಸು. ಇದು ಮೂರು ದಿವಸ ತಿರುಗತೈತಿ ನೋಡ್ರಿ!"

ಮಗಳು ರಕ್ಷಾ ಪಕ್ಕದ ಮೇಜಿನಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದಳು. ಬ್ಯಾಂಕಿನ ಕೆಲಸ ಬಿಟ್ಟು ಚಾಕೊಲೇಟಿಗೆ ಇಳಿದವಳು. ಹೊರದೇಶದ ಒಂದು ಕಂಪನಿ ಅವಳ ಚಾಕೊಲೇಟನ್ನು ಕೊಳ್ಳಲು ಒಪ್ಪಿತ್ತು, ಆದರೆ ಒಂದು ಷರತ್ತು ಹಾಕಿತ್ತು. ಕೋಕೋ ಬಂದ ತೋಟದಲ್ಲಿ ಕೋಕೋ ಒಂದೇ ಇರಬಾರದು. ಅದರ ಮೇಲೆ ನೆರಳು ಕೊಡುವ ನಮ್ಮ ನೆಲದ್ದೇ ಮರಗಳು ಕನಿಷ್ಠ ಹನ್ನೆರಡು ಜಾತಿಯವು ಇರಬೇಕು, ಅದಕ್ಕೆ ಪ್ರಮಾಣಪತ್ರ ಬೇಕು. ತೋಟದಲ್ಲಿ ಮರಗಳೇನೋ ಇದ್ದವು, ಹೆಸರು ಹೇಳುವವರಿರಲಿಲ್ಲ. ಅವಳ ಫೋನಿನ ಆ್ಯಪು ಹಲಸಿನ ಮರವನ್ನು ಒಮ್ಮೆ ಮಾವು ಅಂದಿತ್ತು, ಇನ್ನೊಮ್ಮೆ ರಬ್ಬರ್ ಅಂದಿತ್ತು.

ಹನುಮಂತಯ್ಯ ಸುಮ್ಮನೆ ಅವಳ ಹೆಗಲ ಮೇಲಿಂದ ಫೋನಿನಲ್ಲಿದ್ದ ಮರದ ಫೋಟೋವನ್ನು ಇಣುಕಿ ನೋಡಿದರು.

"ಅದು ಬಸರಿ," ಎಂದರು. "ಹಿಂದಿನ ಫೋಟೋ ಹಾಕಮ್ಮ. ಅದು ಗೋಣಿ. ಅದು ಮತ್ತಿ, ತೊಗಟೆ ನೋಡು, ಮೊಸಳೆ ಬೆನ್ನಿದ್ದ ಹಾಗಿದೆ. ಇದು ಬಿಲ್ವಾರ."

ರಕ್ಷಾ ತಿರುಗಿ ಅವರನ್ನು ದೇವರು ಪ್ರತ್ಯಕ್ಷವಾದಂತೆ ನೋಡಿದಳು. "ಅಂಕಲ್, ನೀವು ಬಾಟನಿ ಪ್ರೊಫೆಸರಾ?"

"ಇಲ್ಲಮ್ಮ. ಮರದ ಡಿಪಾರ್ಟ್‌ಮೆಂಟಲ್ಲಿದ್ದೆ."

ಅಷ್ಟೇ ಹೇಳಿದರು. ಅದರಲ್ಲಿ ಸುಳ್ಳಿರಲಿಲ್ಲ. ಉಳಿದ ಅರ್ಧವನ್ನು ರಕ್ಷಾ ತಾನೇ ತುಂಬಿಕೊಂಡಳು. "ಅಪ್ಪಾ, ಅಂಕಲ್ ಇಡೀ ಜೀವನ ಮರ ಉಳಿಸಿರೋರು!" ಎಂದು ಕೂಗಿದಳು. ತಿದ್ದಲು ಹನುಮಂತಯ್ಯ ಬಾಯಿ ತೆರೆದರು. ಆದರೆ ಎರಡು ವರ್ಷದಲ್ಲಿ ಅವರನ್ನು ಯಾರೂ ಅಷ್ಟು ಗೌರವದಿಂದ ನೋಡಿರಲಿಲ್ಲ. ತೆರೆದ ಬಾಯಿಯನ್ನು ಕಲ್ಮೇಶ್ ತರಿಸಿದ್ದ ಕಾಫಿಗೆ ಉಪಯೋಗಿಸಿಕೊಂಡರು. ಗ್ರೈಂಡರು ಪುಕ್ಕಟೆ ರಿಪೇರಿಯಾಯಿತು.

ಮರುವಾರ ರಕ್ಷಾ ಅವರನ್ನು ಕಾರಿನಲ್ಲಿ ತೋಟಕ್ಕೆ ಕರೆದುಕೊಂಡು ಹೋದಳು. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ ಎಡಕ್ಕೆ ತಿರುಗಿದರೆ ನಾಲ್ಕೆಕರೆ ತೆಂಗಿನ ತೋಟ, ನಡುನಡುವೆ ಕೋಕೋ. ಕಲ್ಮೇಶರ ಅಣ್ಣ ಸಿದ್ದಬಸಪ್ಪ ಕೊಂಡಿದ್ದದ್ದು. ಅವರಿಗೆ ಸೊಂಟನೋವು, ಮನೆಯ ಮಹಡಿ ಇಳಿಯುವುದಿಲ್ಲ. ತೋಟವನ್ನು ನೋಡಿಕೊಳ್ಳುತ್ತಿದ್ದವಳು ಪಕ್ಕದ ಹಳ್ಳಿಯ ಮುನಿಲಕ್ಷ್ಮಮ್ಮ. ಅರವತ್ತರ ಹತ್ತಿರದ ಹೆಂಗಸು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೋಕೋ ಕಾಯಿ ಕುಯ್ಯುತ್ತಿದ್ದಳು.

ಹನುಮಂತಯ್ಯ ಕೋಕೋ ಗಿಡ ನೋಡಿದ್ದು ಅದೇ ಮೊದಲು. ಕಾಯಿ ರೆಂಬೆಯ ತುದಿಯಲ್ಲಿರದೆ ಹಲಸಿನಂತೆ ಕಾಂಡಕ್ಕೇ ಅಂಟಿಕೊಂಡಿತ್ತು. ಪಕ್ಕದಲ್ಲೇ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಹೂವುಗಳು.

"ಇಷ್ಟು ಸಣ್ಣ ಹೂವಿಗೆ ಜೇನು ಕೂರುತ್ತಾ?" ಎಂದು ಕೇಳಿದರು.

"ಜೇನು ಎಲ್ಲಿ ಕೂರ್ತದೆ ಸಾಮಿ," ಎಂದಳು ಮುನಿಲಕ್ಷ್ಮಮ್ಮ. "ಕಣ್ಣಿಗೆ ಕಾಣದಂಗೆ ನುಸಿ ಐತಲ್ಲ, ಅದು ಕೂರೋದು. ಆ ನುಸಿ ಎಲ್ಲೈತೆ ಅಂತೀರ? ಕೆಳಗಡೆ ತರಗೆಲೇಲಿ. ಮರದ ಎಲೆ ಉದುರಿ ಕೊಳೀಬೇಕು, ಅಲ್ಲಿ ನುಸಿ ಆಗಬೇಕು, ಅದು ಹೂವಿಗೆ ಹೋಗಬೇಕು, ಆಮೇಕೆ ಕಾಯಿ. ದೊಡ್ಡ ಸಾಹೇಬ್ರು ಮೊದಲನೇ ವರ್ಸ ಎಲ್ಲಾ ಗುಡಿಸ್ಬಿಡು, ನೀಟಾಗಿರ್ಲಿ ಅಂದ್ರು. ಗುಡಿಸ್ದೆ. ಕಾಯೇ ಕಟ್ಟಲಿಲ್ಲ."

ಹನುಮಂತಯ್ಯ ಕಾಲ ಕೆಳಗಿನ ತರಗೆಲೆ ನೋಡಿದರು. ಎಲೆ ಉದುರುತ್ತದೆ ಎಂಬ ಕಾರಣಕ್ಕೆ ಅವರು ಬರೆದ ಟಿಪ್ಪಣಿಗಳು ಎಷ್ಟಿದ್ದಾವು? ಕೇಳುವವರಿಲ್ಲವೆಂದು ಅವರೂ ಎಣಿಸಲು ಹೋಗಲಿಲ್ಲ. ಟೇಪು ತೆಗೆದು ಕೆಲಸಕ್ಕಿಳಿದರು.

ಎರಡು ದಿನದಲ್ಲಿ ಹದಿಮೂರು ಜಾತಿಯ ಮರಗಳ ಪಟ್ಟಿ ಸಿದ್ಧವಾಯಿತು. ಪ್ರತಿ ಮರದ ಮುಂದೆ 'ತೋಟಕ್ಕೆ ಪ್ರಯೋಜನ' ಎಂದೊಂದು ಕಾಲಂ ಇತ್ತು. ರಕ್ಷಾ ಅದನ್ನು ಹೇಗೆ ತುಂಬುವುದೋ ಎಂದು ಪೇಚಾಡುತ್ತಿದ್ದಾಗ ಹನುಮಂತಯ್ಯ ಪೆನ್ನು ತೆಗೆದುಕೊಂಡು ಒಂದೇ ಉಸಿರಿಗೆ ಬರೆದರು. ಹೊಂಗೆ: ಎಲೆ ಹೇರಳವಾಗಿ ಉದುರುತ್ತದೆ. ಬಸರಿ: ಬೇರು ಬಹುದೂರ ಹರಡುತ್ತದೆ. ಅತ್ತಿ: ಹಕ್ಕಿ, ಬಾವಲಿಗಳನ್ನು ಕರೆಯುತ್ತದೆ. ಹಲಸು: ದಟ್ಟ ನೆರಳು, ಕೆಳಗೆ ಬಿಸಿಲು ಬೀಳುವುದೇ ಇಲ್ಲ. ಮೂವತ್ತೊಂದು ವರ್ಷ ಬರೆದದ್ದನ್ನೇ ಬರೆದಿದ್ದರು, ಒಂದಕ್ಷರ ಬದಲಿಸಿರಲಿಲ್ಲ. ಕಾಲಮ್ಮಿನ ತಲೆಬರಹ ಮಾತ್ರ ಬೇರೆಯಾಗಿತ್ತು.

"ಅಂಕಲ್, ಎಷ್ಟು ಪ್ರೀತಿಯಿಂದ ಬರ್ದಿದೀರ!" ಎಂದಳು ರಕ್ಷಾ.

ಪರಿಶೀಲನೆಗೆ ಬಂದವರು ಸಂಪತ್. ಪ್ರಮಾಣಪತ್ರ ಕೊಡುವ ಸಂಸ್ಥೆಯ ಅಧಿಕಾರಿ, ನಲವತ್ತು ದಾಟಿದವರು. ತಲೆಗೆ ಟೋಪಿ, ಕೈಯಲ್ಲಿ ಟ್ಯಾಬು, ಕಾಲಿಗೆ ಇಂಬಳ ಹತ್ತದ ಉದ್ದನೆಯ ಬೂಟು. ತಾವರೆಕೆರೆಯಲ್ಲಿ ಇಂಬಳವಿಲ್ಲವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪಟ್ಟಿ ನೋಡುತ್ತಾ ಮೊದಲು ಸಿಲ್ವರ್ ಓಕನ್ನು ಹೊಡೆದು ಹಾಕಿದರು. ಅದು ಆಸ್ಟ್ರೇಲಿಯಾದ್ದು. ಆಮೇಲೆ ಹುಣಸೆಯನ್ನೂ ಹೊಡೆದರು.

"ಹುಣಸೆ ಯಾಕೆ ಸಾರ್?" ಹನುಮಂತಯ್ಯನವರಿಗೆ ಸಿಟ್ಟೇ ಬಂತು.

"ಅದು ಮೂಲತಃ ಆಫ್ರಿಕಾದ್ದು ಸಾರ್. ನಮ್ಮ ಲಿಸ್ಟಲ್ಲಿ ನೇಟಿವ್ ಅಲ್ಲ."

"ನಿಮ್ಮನೇಲಿ ಹುಣಸೆಹಣ್ಣಿಲ್ದೆ ಸಾರು ಮಾಡ್ತಾರೇನ್ರಿ?"

"ಸಾರು ಬೇರೆ, ಸರ್ಟಿಫಿಕೇಟ್ ಬೇರೆ ಸಾರ್."

ಹನ್ನೊಂದಕ್ಕೆ ಇಳಿಯಿತು. ರಕ್ಷಾಳ ಮುಖ ಬಾಡಿತು. ಇನ್ನೊಂದು ಜಾತಿ ಬೇಕು. ಎಲ್ಲರೂ ಬೇಲಿಯ ಉದ್ದಕ್ಕೂ ನಡೆದರು. ಮೂಲೆಯಲ್ಲಿ, ಪಂಪ್‌ಹೌಸಿನ ಹಿಂದೆ, ಬುಡದಲ್ಲಿ ಮುಳ್ಳಿರುವ ಒಂದು ಗಿಡ್ಡ ಮರವಿತ್ತು. ಹನುಮಂತಯ್ಯ ಅಳೆದರು, ಸುತ್ತಳತೆ ಸಾಕಾಗುವಷ್ಟಿತ್ತು. ತೊಗಟೆ ಮುಟ್ಟಿದರು. ಏನೂ ಹೊಳೆಯಲಿಲ್ಲ. ಎಲೆ ಹಿಸುಕಿ ಮೂಸಿದರು. ಬೆವರಿದರು. ಇಷ್ಟು ವರ್ಷದಲ್ಲಿ ಈ ಮರದ ಮೇಲೆ ಒಬ್ಬನೇ ಒಬ್ಬ ಅರ್ಜಿ ಹಾಕಿರಲಿಲ್ಲ. ದೂರಿಲ್ಲದ ಮರವನ್ನು ಗುರುತಿಸುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ.

"ಅಂಕೋಲೆ," ಎಂದಳು ಹಿಂದಿನಿಂದ ಮುನಿಲಕ್ಷ್ಮಮ್ಮ. "ನಮ್ಮತ್ತೆ ಇದರ ಬೇರು ತೇಯ್ದು ನಾಯಿ ಕಚ್ಚಿದೋರ್ಗೆ ಹಚ್ಚೋಳು. ಅಂಕೋಲೆ ಗೊತ್ತಿಲ್ವಾ ನಿಮಗೆ?"

ಸಂಪತ್ ಟ್ಯಾಬಿನಲ್ಲಿ ಹುಡುಕಿದರು. ಸಿಕ್ಕಿತು. ಅಪ್ಪಟ ನಮ್ಮ ನೆಲದ್ದು. ಹನ್ನೆರಡಾಯಿತು.

"ಮರಕ್ಕೂ ಜಾತಿ ಕೇಳಕ್ಕೆ ಬಂದವ್ರೆ," ಎಂದು ಗೊಣಗುತ್ತಾ ಮುನಿಲಕ್ಷ್ಮಮ್ಮ ಮಧ್ಯಾಹ್ನದ ಊಟಕ್ಕೆ ಎಲೆ ಹಾಕಲು ಹೋದಳು. ಸೌತೆಕಾಯಿ ಹುಳಿಯಲ್ಲಿ ಅನ್ನ ಕಲೆಸುತ್ತಿದ್ದಾಗ ಸಂಪತ್ ಹನುಮಂತಯ್ಯನವರನ್ನೇ ದಿಟ್ಟಿಸಿದರು.

"ಸಾರ್, ನೀವು ಟೇಪ್ ಹಿಡಿದಾಗಿಂದ ಯೋಚಿಸ್ತಾ ಇದೀನಿ. ಗೋವಿಂದರಾಜನಗರ, ನಾಲ್ಕನೇ ಕ್ರಾಸ್. ನಮ್ಮ ಮನೆ ಮುಂದೆ ದೊಡ್ಡ ಹೊಂಗೆ ಮರ ಇತ್ತು. ನಮ್ಮಪ್ಪ ಪೋರ್ಟಿಕೋ ಕಟ್ಟಕ್ಕಾಗದೆ ನಾಲ್ಕು ವರ್ಷ ಅಲೆದಿದ್ರು. ನೀವು ಬಂದ್ರಿ, ಅಳೆದ್ರಿ, ಒಂದೇ ವಾರದಲ್ಲಿ ಕಡಿಯಕ್ಕೆ ಪರ್ಮಿಷನ್ ಕೊಡಿಸಿದ್ರಿ. ಸಾಯೋವರ್ಗೂ ನಮ್ಮಪ್ಪ ನಿಮ್ಮ ಹೆಸರು ಹೇಳ್ತಿದ್ರು ಸಾರ್!"

ಹನುಮಂತಯ್ಯ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು. ರಕ್ಷಾ ತಲೆಯೆತ್ತಿ ಅವರನ್ನು ನೋಡಿದಳು, ಆಮೇಲೆ ಎಲೆಯ ಕಡೆ ನೋಡಿದಳು. ಸಂಪತ್ ಮಾತ್ರ ಕಣ್ಣು ಒದ್ದೆ ಮಾಡಿಕೊಂಡು ಇನ್ನೊಂದು ಸೌಟು ಹುಳಿ ಹಾಕಿಸಿಕೊಂಡರು.

ವಾಪಸು ಬರುವಾಗ ಕಾರು ಸುಂಕದಕಟ್ಟೆಗೆ ಬಂತು. ಅಲ್ಲಿ ಟ್ರಾಫಿಕ್ಕಿನಲ್ಲಿ ನಿಂತಾಗ ರಕ್ಷಾ ಕೇಳಿದಳು: "ಅಂಕಲ್, ಅವ್ರು ಹೇಳಿದ್ದು ನಿಜಾನಾ?"

"ನಿಜ ಕಣಮ್ಮ. ನಾನು ಇದ್ದದ್ದು ಮರ ಕಡಿಯೋ ಅರ್ಜಿ ಸೆಕ್ಷನ್ನಲ್ಲಿ. ನೀನೇ ಏನೋ ಅಂದ್ಕೊಂಡೆ. ನಾನೂ ಸುಮ್ನಿದ್ದೆ. ತಪ್ಪು ನಂದೇ."

ಬೈಯುತ್ತಾಳೆಂದು ಅವರು ಕಾದರು. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಸಿಗ್ನಲ್ ಬಿಡುವವರೆಗೆ ಸ್ಟೀರಿಂಗ್ ಮೇಲೆ ಬೆರಳು ತಟ್ಟಿದಳು.

"ಇರ್ಲಿ ಬಿಡಿ. ಸರ್ಟಿಫಿಕೇಟ್ ಕೈಗೆ ಬರೋವರ್ಗೂ ಬೇರೆ ಯಾರಿಗೂ ಹೇಳ್ಬೇಡಿ."

ಪ್ರಮಾಣಪತ್ರ ಬಂತು. ಹೊಸ ಪ್ಯಾಕೆಟ್ಟುಗಳು ಅಚ್ಚಾಗಿ ಬಂದವು, ಒಂದಲ್ಲ ಎರಡಲ್ಲ, ಇಪ್ಪತ್ತು ಸಾವಿರ. ಮುಂದೆ 'ಹನ್ನೆರಡು ಮರಗಳ ನೆರಳಿನಲ್ಲಿ ಬೆಳೆದದ್ದು' ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿತ್ತು. ಹಿಂಬದಿಯಲ್ಲಿ ಟೇಪು ಹಿಡಿದು ನಿಂತ ಒಬ್ಬ ಮುದುಕರ ಗೆರೆಚಿತ್ರ, ಕೆಳಗೆ 'ನಮ್ಮ ವೃಕ್ಷತಜ್ಞ ಹನುಮಂತಯ್ಯ'. ಮುನಿಲಕ್ಷ್ಮಮ್ಮನ ಹೆಸರೂ ಇರಬೇಕು ಎಂದು ಹನುಮಂತಯ್ಯ ಹೇಳಿದ್ದರು. ಜಾಗ ಸಾಲಲಿಲ್ಲವಂತೆ. ಚಿಕ್ಕಗಂಗಮ್ಮ ಒಂದು ಪ್ಯಾಕೆಟ್ಟನ್ನು ಷೋಕೇಸಿನಲ್ಲಿಟ್ಟರು. ಬಂದವರೆಲ್ಲ ನೋಡಿ, "ಮೂಗು ನಿಮ್ಮ ಥರಾನೇ ಬಂದಿದೆ," ಎಂದರು.

ಹೊರದೇಶದ ಕಂಪನಿ ಮೊದಲ ಸರಕನ್ನು ತಿಂದು ನೋಡಿ, ಮೂರು ಪಟ್ಟು ಬೇಕು ಎಂದಿತು. ನಾಲ್ಕು ಗ್ರೈಂಡರ್ ಸಾಲುವುದಿಲ್ಲ, ಹನ್ನೆರಡು ಬೇಕು. ಹನ್ನೆರಡಕ್ಕೆ ಜಾಗ ಬೇಕು. ಶೆಡ್ಡಿನ ಹಿಂದೆ ಕಲ್ಮೇಶರದೇ ಖಾಲಿ ಜಾಗವಿತ್ತು. ಅದರ ನಟ್ಟನಡುವೆ ಒಂದು ಮಳೆಮರವಿತ್ತು. ಆ ಕೈಗಾರಿಕಾ ಪ್ರದೇಶದ ಆ ರಸ್ತೆಯಲ್ಲಿ ಉಳಿದಿದ್ದದ್ದು ಅದೊಂದೇ. ಮಧ್ಯಾಹ್ನ ಅಕ್ಕಪಕ್ಕದ ಶೆಡ್ಡುಗಳ ಕೆಲಸದವರು ಅದರ ಕೆಳಗೆ ಡಬ್ಬಿ ಬಿಚ್ಚುತ್ತಿದ್ದರು.

ಕಲ್ಮೇಶ್ ಹನುಮಂತಯ್ಯನವರನ್ನು ಕರೆಸಿ ಕುರ್ಚಿ ಹಾಕಿದರು. "ನೋಡ್ರಿ ಹನುಮಂತಯ್ಯನೋರೆ, ನನಗ ಮಗಳು ಎಲ್ಲಾ ಹೇಳ್ಯಾಳ. ನಾ ಏನೂ ತಪ್ಪು ತಿಳಕೊಂಡಿಲ್ರಿ. ತಪ್ಪು ಎಲ್ಲಿಂದ ಬಂತು, ನಿಮ್ಮಂಥವರೇ ಬೇಕಾಗಿದ್ರು! ಈ ಒಂದು ಮರದ ಪರ್ಮಿಷನ್ ಮಾಡಿಸಿಕೊಡ್ರಿ."

"ಚಾಕೊಲೇಟ್ ಮೇಲೆ ಹನ್ನೆರಡು ಮರ ಅಂತ ಹಾಕ್ಕೊಂಡು..."

"ಅದು ತೋಟದಾಗಿನ ಮಾತ್ರಿ. ಇದು ರಾಜಾಜಿನಗರ. ಮತ್ತ ಈ ಮಳೆಮರ ನಮ್ಮ ದೇಶದ್ದೇ ಅಲ್ಲಂತ, ಅಮೆರಿಕಾದ್ದಂತ. ಸಂಪತ್ತವರ ಲೆಕ್ಕದಾಗ ಇದು ಮರಾನೇ ಅಲ್ಲ."

"ಕೋಕೋನೂ ಅಲ್ಲಿಂದಲೇ ಬಂದಿರೋದು ಸಾರ್. ಅಲ್ಲಿ ಇದರ ನೆರಳಲ್ಲೇ ಅದನ್ನ ಬೆಳೀತಾ ಇದ್ರಂತೆ."

"ಹಂಗಾದ್ರ ಸಂಬಂಧಿಕರಾದ್ರು," ಎಂದು ನಕ್ಕರು ಕಲ್ಮೇಶ್. "ಸಂಬಂಧಿಕರು ಜಾಗ ಬಿಟ್ಟುಕೊಡಬೇಕಪ."

ಹನುಮಂತಯ್ಯ ರಕ್ಷಾಳತ್ತ ನೋಡಿದರು. ಅವಳು ಫೋನಿನಲ್ಲಿ ಏನನ್ನೋ ಓದುವಂತೆ ಮಾಡುತ್ತಿದ್ದಳು. ಪರದೆ ಆರಿಹೋಗಿತ್ತು.

ಆಗಲ್ಲ ಎನ್ನಬಹುದಿತ್ತು. ಆದರೆ ಆಗಲ್ಲ ಎಂದು ಯಾರ ಮುಖಕ್ಕೂ ಹೇಳಿ ಅಭ್ಯಾಸವಿರಲಿಲ್ಲ. ಅವರ ಕಚೇರಿಯಲ್ಲಿ ಆ ಮಾತನ್ನು ಕಾಗದ ಹೇಳುತ್ತಿತ್ತು. ರಾತ್ರಿಯಿಡೀ ಯೋಚಿಸುವ ಅಗತ್ಯವೂ ಬೀಳಲಿಲ್ಲ. ಯಾವ ಅರ್ಜಿ ಪಾಸಾಗುತ್ತದೆಂದು ಬಲ್ಲವನಿಗೆ ಯಾವುದು ಬೀಳುತ್ತದೆಂಬುದೂ ಗೊತ್ತಿರುತ್ತದೆ. ಅಲ್ಲೇ ಕೂತು, ಮಾಲೀಕರ ಪರವಾಗಿ ಅರ್ಜಿದಾರರೆಂದು ತಮ್ಮ ಹೆಸರನ್ನೇ ಹಾಕಿ, ಬೀಳಲೇಬೇಕಾದ ಒಂದು ಅರ್ಜಿ ಬರೆದರು. ಮರ ಆರೋಗ್ಯವಾಗಿದೆ ಎಂದು ಬರೆದರು. ಯಾರಿಗೂ ತೊಂದರೆಯಿಲ್ಲ, ಕೆಲಸದವರು ಅದರ ಕೆಳಗೇ ಊಟಕ್ಕೆ ಕೂರುತ್ತಾರೆ ಎಂದು ಬರೆದರು. ಕಾರಣದ ಜಾಗದಲ್ಲಿ 'ಯಂತ್ರ ಇಡಲು' ಎಂದಷ್ಟೇ ಬರೆದು, ನಕ್ಷೆ ಲಗತ್ತಿಸದೆ ಮಡಚಿದರು. ನಾಲ್ಕು ದಿನದಲ್ಲಿ ತಿರಸ್ಕೃತವಾಗಿ ಬರುತ್ತದೆ, ಕಲ್ಮೇಶರಿಗೆ ತೋರಿಸಿ ಕೈ ತೊಳೆದುಕೊಳ್ಳಬಹುದು.

ಕಚೇರಿಯಲ್ಲಿ ಈಗ ಅವರ ಕುರ್ಚಿಯಲ್ಲಿ ಶೋಭಾರಾಣಿ ಕೂರುತ್ತಿದ್ದಳು. ಹತ್ತು ವರ್ಷ ಅವರ ಕೈಕೆಳಗೆ ಕೆಲಸ ಕಲಿತವಳು. ಸಾಲಿನಲ್ಲಿ ಹನ್ನೊಂದನೆಯವರಾಗಿ ನಿಂತಿದ್ದ ಅವರನ್ನು ಕಂಡು ಎದ್ದೇ ಬಂದಳು.

"ಅಯ್ಯೋ, ಸಾರ್! ನೀವು ಕ್ಯೂನಲ್ಲಿ ನಿಲ್ಲೋದಾ? ಬನ್ನಿ ಬನ್ನಿ ಒಳಗೆ."

ಬರಿಗೈಯಲ್ಲಿ ಹೋಗುವುದು ಹೇಗೆಂದು ಹನುಮಂತಯ್ಯ ಒಂದು ಚಾಕೊಲೇಟ್ ಪ್ಯಾಕೆಟ್ ತಂದಿದ್ದರು. ಶೋಭಾರಾಣಿ ತಿರುಗಿಸಿ ನೋಡಿ ಚಿತ್ರವನ್ನು ಗುರುತು ಹಿಡಿದಳು. ಇಡೀ ಸೆಕ್ಷನ್ನಿಗೆ ತೋರಿಸಿದಳು. "ನಮ್ಮ ಸಾರ್ ಈಗ ವೃಕ್ಷತಜ್ಞರು!" ಎಲ್ಲರೂ ಒಂದೊಂದು ತುಂಡು ಬಾಯಿಗೆ ಹಾಕಿಕೊಂಡರು. ಕಹಿ ಎಂದು ಇಬ್ಬರು ಮುಖ ಹಿಂಡಿದರು. ಆಮೇಲೆ ಅವಳು ಅರ್ಜಿ ಓದಿದಳು. ಓದುತ್ತಾ ಓದುತ್ತಾ ಅವಳ ಮುಖದಲ್ಲಿ ಕನಿಕರ ಮೂಡಿತು. ವಯಸ್ಸಾಯಿತು ಪಾಪ, ಎಲ್ಲಾ ಮರೆತುಹೋಗಿದೆ ಎಂಬ ಕನಿಕರ.

"ಸಾರ್, ಇದೇನು ಹೀಗೆ ಬರ್ದಿದೀರ? ಇದು ಪಾಸಾಗುತ್ತಾ?"

"ಆಗಲ್ಲ ಅಲ್ವಾ?" ಹನುಮಂತಯ್ಯನವರ ಧ್ವನಿಯಲ್ಲಿ ಆಸೆಯಿತ್ತು. "ರೂಲ್ಸ್ ಪ್ರಕಾರ ಹೇಗೋ ಹಾಗೆ ಮಾಡಮ್ಮ. ರಿಜೆಕ್ಟ್ ಆದ್ರೂ ನಂಗೇನೂ ಬೇಜಾರಿಲ್ಲ. ಬೇಕಾದ್ರೆ ಈಗ್ಲೇ ರಿಜೆಕ್ಟ್ ಮಾಡು."

"ನಿಮ್ಮ ಅರ್ಜೀನ ರಿಜೆಕ್ಟ್ ಮಾಡ್ತೀನಾ ಸಾರ್? ಅನ್ನ ಕೊಟ್ಟೋರು ನೀವು." ಅವಳು ಹೊಸ ಹಾಳೆ ತೆಗೆದಳು. "ನೀವೇ ಹೇಳಿಕೊಟ್ಟಿದ್ದು, ಮರೆತ್ರಾ? ಕೆಲಸದೋರು ಕೆಳಗೆ ಊಟಕ್ಕೆ ಕೂರ್ತಾರೆ ಅಂದ್ಮೇಲೆ ಕೊಂಬೆ ಬೀಳೋ ಸಂಭವ. ಅಪಾಯಕಾರಿ."

ಅವಳ ಅಕ್ಷರ ಕೂಡ ಅವರ ಅಕ್ಷರದಂತೆಯೇ ದುಂಡಗಿತ್ತು. "ಶೋಭಾ, ಬೇಡ, ಸ್ಥಳಕ್ಕೆ ಬಂದು ನೋಡಬೇಕಲ್ಲ," ಎಂದು ಹನುಮಂತಯ್ಯ ಎದ್ದರು. "ನೀವು ನೋಡಿದ್ಮೇಲೆ ನಾನೇನು ನೋಡೋದು ಸಾರ್," ಎಂದು ಅವಳು ಸಾಹೇಬರ ಕೋಣೆಗೆ ಹೋದಳು. ಬರುವಾಗ ಸಹಿ ಬಿದ್ದಿತ್ತು. ಬದಲಿಗೆ ಹತ್ತು ಸಸಿ ನೆಡಬೇಕೆಂಬ ಷರತ್ತಿತ್ತು. ಆ ಷರತ್ತನ್ನು ಯಾರೂ ಪಾಲಿಸುವುದಿಲ್ಲವೆಂದು ಅವರಿಬ್ಬರಿಗೂ ಗೊತ್ತಿತ್ತು. ಅಷ್ಟು ಬೇಗ ಅನುಮತಿ ಸಿಕ್ಕ ಅರ್ಜಿ ಅವರ ಇಡೀ ಸರ್ವಿಸಿನಲ್ಲೇ ಇರಲಿಲ್ಲ.

ಆದೇಶವನ್ನು ಬಚ್ಚಿಡೋಣವೆಂದುಕೊಂಡರು. ಶೋಭಾರಾಣಿ ಅಷ್ಟರಲ್ಲೇ ಅದನ್ನು ಅರ್ಜಿಯಲ್ಲಿದ್ದ ಕಲ್ಮೇಶರ ನಂಬರಿಗೂ ಕಳಿಸಿಬಿಟ್ಟಿದ್ದಳು.

ಕಡಿಯುವವರು ಬರುವುದು ಸೋಮವಾರ ಬೆಳಿಗ್ಗೆ ಎಂದು ತಿಳಿಯಿತು. ಹನುಮಂತಯ್ಯ ಆ ದಿನ ಮನೆಯಲ್ಲೇ ಇರಬಹುದಿತ್ತು. ಒಂಬತ್ತಕ್ಕೆ ಶೆಡ್ಡಿನ ಹಿಂದೆ ನಿಂತಿದ್ದರು. ಅನುಮತಿ ಕೊಡಿಸಿದ ಮೇಲೆ ಮುಂದೇನಾಗುತ್ತದೆ ಎಂಬುದನ್ನು ಒಮ್ಮೆಯಾದರೂ ನೋಡಬೇಕಿತ್ತು. ಇಬ್ಬರು ಹಗ್ಗ ಹಿಡಿದು ಮೇಲೆ ಹತ್ತಿದರು. ಮೋಟಾರು ಗರಗಸ ಒಮ್ಮೆ ಕೆಮ್ಮಿ ಕಿರುಚಿತು. ಮೊದಲ ಕೊಂಬೆ ಮುರಿಯುವ ಮುಂಚೆ ಒಂದು ಸದ್ದು ಬಂತು, ಉದ್ದವಾಗಿ, ಹಳೆಯ ಬಾಗಿಲು ತೆರೆದಂತೆ. ಅಷ್ಟು ವರ್ಷ ಅವರು ಕಡತದಲ್ಲಿ ಆ ಸದ್ದಿಗೊಂದು ಕಾಲಂ ನೋಡಿರಲಿಲ್ಲ. ಕೊಂಬೆ ಬಿದ್ದು ಧೂಳೆದ್ದಿತು. ಹನುಮಂತಯ್ಯ ನೇರವಾಗಿ ಪ್ಯಾಕಿಂಗ್ ಕೋಣೆಗೆ ಹೋದರು.

"ರಕ್ಷಾ, ಪ್ಯಾಕೆಟ್ ಮೇಲಿಂದ ನನ್ನ ಹೆಸರು ತೆಗೀಮ್ಮ."

"ಯಾಕೆ ಅಂಕಲ್?"

"ಆ ಆರ್ಡರ್ ಮೇಲೆ ಅರ್ಜಿದಾರ ಅಂತ ನನ್ನ ಹೆಸರಿದೆ. ಅದು ಕಚೇರಿ ಬೋರ್ಡಿಗೆ ಬೀಳುತ್ತೆ, ಯಾರು ಬೇಕಾದ್ರೂ ಫೋಟೋ ಹೊಡೀಬಹುದು. ಇಲ್ಲಿ ನೋಡಿದ್ರೆ ವೃಕ್ಷತಜ್ಞ ಅಂತ ಚಿತ್ರ ಬೇರೆ. ಎರಡೂ ಕಡೆ ನಾನಿರಕ್ಕಾಗಲ್ಲ. ನೀನು ತೆಗೀದಿದ್ರೆ ನಾನೇ ಸಂಪತ್ ಅವ್ರಿಗೆ ಕಾಗದ ಬರೀತೀನಿ. ಕಾಗದ ಬರಿಯೋದೊಂದು ನಂಗೆ ಚೆನ್ನಾಗಿ ಬರುತ್ತೆ."

ಜೀವನದಲ್ಲಿ ಮೊದಲ ಸಲ ಅವರು ಯಾರಿಗೋ ಆಗಲ್ಲ ಎಂದಿದ್ದರು. ರಕ್ಷಾ ಗೋಡೆಯ ಪಕ್ಕ ಜೋಡಿಸಿದ್ದ ಪ್ಯಾಕೆಟ್ಟುಗಳ ಪೆಟ್ಟಿಗೆಗಳನ್ನು ನೋಡಿದಳು. ಇನ್ನೂ ಹದಿನೇಳು ಸಾವಿರ ಉಳಿದಿದ್ದವು. ಒಂದೊಂದರ ಮೇಲೂ ಹನುಮಂತಯ್ಯ ಟೇಪು ಹಿಡಿದು ನಿಂತಿದ್ದರು. ಮುಂದಿನ ಕ್ಷಣ ಅವಳು ಹಿತ್ತಲಿಗೆ ಓಡಿದ್ದಳು.

"ನಿಲ್ಸಿ! ಅಣ್ಣಾ, ನಿಲ್ಸಿ ಅದನ್ನ!"

ಅಪ್ಪ ಮಗಳಿಗೆ ಅರ್ಧ ಗಂಟೆ ಜಗಳವಾಯಿತು. ಮೇಲಿದ್ದ ಇಬ್ಬರು ಕೊಂಬೆಯ ಮೇಲೆ ಕೂತೇ ಬೀಡಿ ಹಚ್ಚಿದರು. ನೆರಳು, ತಂಪು, ಕೆಲಸದವರ ಊಟ ಎಂದು ರಕ್ಷಾ ಹೇಳಿದ್ದು ಯಾವುದೂ ಕಲ್ಮೇಶರ ಕಿವಿಗೆ ಬೀಳಲಿಲ್ಲ. ಮರ ಬಿದ್ದರೆ ಹದಿನೇಳು ಸಾವಿರ ಪ್ಯಾಕೆಟ್ಟು ಗುಜರಿಗೆ ಹೋಗುತ್ತದೆ ಎಂದದ್ದು ಮಾತ್ರ ಬಿತ್ತು. ಮೇಲೆ ನೋಡಿ, "ಇಳೀರಪ್ಪೋ," ಎಂದರು. ಹೀಗೆ ಆ ಮರ ಉಳಿಯಿತು, ಒಂದು ಕೊಂಬೆ ಕಳೆದುಕೊಂಡು.

"ನಿಜ ಹೇಳ್ಲಾ ಅಂಕಲ್?" ಎಂದಳು ರಕ್ಷಾ ಆಮೇಲೆ, ಬೆವರು ಒರೆಸಿಕೊಳ್ಳುತ್ತಾ. "ಆರ್ಡರ್ ಬಂದಾಗಿಂದ ನಂಗೂ ಇದು ಬೇಡ ಅನ್ನಿಸ್ತಿತ್ತು. ಆದ್ರೆ ಅಪ್ಪಂಗೆ ಹೇಳಕ್ಕೆ ಒಂದು ಕಾರಣ ಬೇಕಿತ್ತಲ್ಲ."

ಕಲ್ಮೇಶ್ ಹೊಸ ಶೆಡ್ಡನ್ನು ಮರದ ಸುತ್ತಲೂ ಕಟ್ಟಿಸಿದರು. ಕಾಂಡ ತಗಡಿನ ಮಾಡನ್ನು ತೂರಿಕೊಂಡು ಮೇಲೆ ಹೋಗಿದೆ. ಹನ್ನೆರಡರ ಜಾಗದಲ್ಲಿ ಹತ್ತು ಗ್ರೈಂಡರ್ ಹಿಡಿಸಿದವು. ಮಳೆ ಬಂದರೆ ಕಾಂಡದ ಗುಂಟ ನೀರಿಳಿಯುತ್ತದೆ, ಅದಕ್ಕೆ ಕಲ್ಮೇಶ್ ಯಾರು ಯಾರನ್ನೋ ಬೈಯುತ್ತಾರೆ. ಆದರೆ ಬೇಸಿಗೆಯಲ್ಲಿ ಚಾಕೊಲೇಟ್ ಕರಗುವುದು ಕಡಿಮೆಯಾಗಿದೆ ಎಂದೂ ಅವರೇ ಹೇಳುತ್ತಾರೆ, ಸ್ವಲ್ಪ ಮೆಲ್ಲಗೆ.

ಜುಲೈ ತಿಂಗಳಲ್ಲಿ ಹನುಮಂತಯ್ಯ ತೋಟಕ್ಕೆ ಹೋದಾಗ ಮುನಿಲಕ್ಷ್ಮಮ್ಮ ಗೇಟಿನಲ್ಲೇ ತರಾಟೆಗೆ ತೆಗೆದುಕೊಂಡಳು. ಆದೇಶ ಬಂದ ದಿನವೇ ಕಲ್ಮೇಶ್ ನಿಯಮ ಅಂದರೆ ನಿಯಮ ಎಂದು ಹತ್ತು ಸಸಿ ತರಿಸಿ, ಡ್ರೈವರ್ ಕೈಯಲ್ಲಿ ತೋಟದಲ್ಲಿ ನೆಡಿಸಿ ಫೋಟೋ ತೆಗೆಸಿದ್ದರು. ಮರ ಕಡಿಯದೆ ಬದಲಿ ಸಸಿ ನೆಟ್ಟ ಪ್ರಕರಣ ಹನುಮಂತಯ್ಯನವರಿಗೆ ತಿಳಿದಂತೆ ಅದೊಂದೇ.

"ಹಲಸಿನ ಮರದ ಬುಡಕ್ಕೇ ಸಾಲಾಗಿ ಹೂಳವ್ರಲ್ಲ ಸಾಮಿ, ಕಣ್ಣಿಲ್ವಾ ಆವಯ್ಯಂಗೆ? ಏಳನ್ನ ಮೇಕೆ ತಿಂದ್ವು. ಮೂರು ಅವೆ. ಕಿತ್ತು ಬೇಲಿ ಪಕ್ಕ ಹಾಕ್ಬೇಕು. ನಂಗೆ ಕಾಯಿ ಒಡೆಯೋ ಕೆಲ್ಸ ಐತೆ. ಹಾರೆ ಅಲ್ಲೈತೆ ನೋಡಿ."

ಹನುಮಂತಯ್ಯ ಅತ್ತಿತ್ತ ನೋಡಿದರು. ಆಕೆ ಹೇಳಿದ್ದು ಅವರಿಗೇ. ಅಂಗಿಯ ತೋಳು ಮಡಚಿದರು. ಒಂದು ಗುಂಡಿಗೆ ಮುಕ್ಕಾಲು ಗಂಟೆ ಹಿಡಿಯಿತು. ನೆಲದಲ್ಲಿ ಅಷ್ಟು ಕಲ್ಲಿರುತ್ತದೆಂದು ಅವರು ಅಂದುಕೊಂಡಿರಲಿಲ್ಲ. ಮೂರನೆಯದಕ್ಕೆ ಬರುವಷ್ಟರಲ್ಲಿ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಮುನಿಲಕ್ಷ್ಮಮ್ಮ ಬಂದು ನೋಡಿ, "ಇನ್ನೂ ಒಂದು ಗೇಣು ಆಳ ಆಗ್ಬೇಕು," ಎಂದು ಹೇಳಿ ಹೋದಳು.

ಸಂಜೆ ಮನೆಯಲ್ಲಿ ಚಿಕ್ಕಗಂಗಮ್ಮ ಅಂಗೈಗೆ ಕೊಬ್ಬರಿ ಎಣ್ಣೆ ಸವರುತ್ತಾ ಕೇಳಿದರು: "ವೃಕ್ಷತಜ್ಞರ ಕೈಯಿಗೆ ಏನಾಯ್ತು?"

"ಗುಂಡಿ ತೋಡ್ದೆ ಕಣೇ. ಮೂರು."

"ನೀವಾ?"

"ಹೂಂ. ಮೆಲ್ಲಗೆ ಹಚ್ಚೇ, ಉರೀತದೆ."